ಕಂತು, ಬಡ್ಡಿ ಮತ್ತು ಪತ್ತು

ಕನ್ನಡದ ವ್ಯವಹಾರದ ಮಾತಿನಲ್ಲಿ ‘ಪತ್ತು’ ಎಂಬ ಶಬ್ದಕ್ಕೆ ಸಾಲ ಎಂಬ ಅರ್ಥದೊಡನೆ ನಂಬಿಕೆ ಎಂಬ ಅರ್ಥವೂ ಕೂಡಿಕೊಂಡಿದೆ. ಒಬ್ಬ ವ್ಯಕ್ತಿ ಪಡೆದ ಹಣವನ್ನು ಹೇಳಿದ ಹೊತ್ತಿಗೆ ಹಿಂದಿರುಗಿಸುತ್ತಾನೆಂದು ಇತರರು ಎಷ್ಟರ ಮಟ್ಟಿಗೆ ನಂಬುತ್ತಾರೋ ಅಷ್ಟೇ ಅವನ ಪತ್ತು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪನೆಗೊಂಡ ಕೃಷಿ ಪತ್ತಿನ ಸಹಕಾರ ಸಂಘವಾಗಲಿ, ಮರುವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಆರಂಭಿಸಿದ ಬ್ಯಾಂಕುಗಳಾಗಲಿ ಸಾಮಾನ್ಯ ಜನರ ಈ ನಂಬಿಕೆಗೆ ನ್ಯಾಯವಾದ ಬೆಲೆ ಕಟ್ಟುವ ಪ್ರಯತ್ನಗಳೇ ಆಗಿದ್ದವು. ಇಂದು ಸಾಲ ಕೊಡುವವರಿಗೆ ಕೊರತೆಯಿಲ್ಲ. ಮೊಬೈಲಿನ ಪರದೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಹಣ ಖಾತೆಗೆ ಬಂದು ಬೀಳುತ್ತದೆ. ಆದರೆ ಸಾಲ ಸುಲಭವಾದಷ್ಟೂ ಅದರ ನಿಜವಾದ ಬೆಲೆ ಕಣ್ಣಿಗೆ ಬೀಳುವುದು ಕಷ್ಟವಾಗಿದ್ದು, ‘ತಿಂಗಳಿಗೆ ಕಂತು ಎಷ್ಟು’ ಎಂಬ ಒಂದೇ ಪ್ರಶ್ನೆಗೆ ಉತ್ತರ ಪಡೆದು ಸಹಿ ಹಾಕುವ ಕುಟುಂಬಗಳು ಒಟ್ಟು ಎಷ್ಟು ಕೊಡಬೇಕಾಗುತ್ತದೆ ಎಂಬುದನ್ನು ಬಹಳ ತಡವಾಗಿ ತಿಳಿಯುತ್ತವೆ.

ಮೊದಲು ಅರಿಯಬೇಕಾದದ್ದು ಬಡ್ಡಿಯನ್ನು ಹೇಳುವ ರೀತಿಗಳನ್ನು. ಊರುಗಳಲ್ಲಿ ‘ನೂರಕ್ಕೆ ಎರಡು’, ‘ನೂರಕ್ಕೆ ಮೂರು’ ಎಂದು ಹೇಳುವ ಬಡ್ಡಿ ತಿಂಗಳ ಲೆಕ್ಕದ್ದಾಗಿದ್ದು, ವರ್ಷಕ್ಕೆ ಅದು ಕ್ರಮವಾಗಿ ಶೇ 24 ಮತ್ತು ಶೇ 36 ಆಗುತ್ತದೆ. ಬ್ಯಾಂಕು ಹೇಳುವ ಶೇ 12 ವರ್ಷದ ಲೆಕ್ಕದ್ದು. ಇಷ್ಟು ವ್ಯತ್ಯಾಸವನ್ನು ಹೆಚ್ಚಿನವರು ಬಲ್ಲರು. ಆದರೆ ವಾಹನ, ಗೃಹೋಪಯೋಗಿ ವಸ್ತು ಮತ್ತು ಸಣ್ಣ ವ್ಯಾಪಾರದ ಸಾಲಗಳಲ್ಲಿ ಬಳಕೆಯಲ್ಲಿರುವ ‘ಫ್ಲಾಟ್’ ಬಡ್ಡಿಯ ಮರ್ಮ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಫ್ಲಾಟ್ ಪದ್ಧತಿಯಲ್ಲಿ ಬಡ್ಡಿಯನ್ನು ಮೊದಲು ಪಡೆದ ಪೂರ್ತಿ ಅಸಲಿನ ಮೇಲೆ ಅವಧಿಯುದ್ದಕ್ಕೂ ಹಾಕಲಾಗುತ್ತದೆ. ಇಳಿಕೆ ಶಿಲ್ಕಿನ ಪದ್ಧತಿಯಲ್ಲಿ ಆಯಾ ತಿಂಗಳು ಬಾಕಿ ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ ಬೀಳುತ್ತದೆ. ಒಂದು ಲಕ್ಷ ರೂಪಾಯಿಯನ್ನು ಶೇ 12ರ ಫ್ಲಾಟ್ ಬಡ್ಡಿಗೆ ಎರಡು ವರ್ಷದ ಮಟ್ಟಿಗೆ ಪಡೆದರೆ ಬಡ್ಡಿಯೇ 24,000 ರೂಪಾಯಿ, ತಿಂಗಳ ಕಂತು ಸುಮಾರು 5,167 ರೂಪಾಯಿ. ಅದೇ ಶೇ 12 ಇಳಿಕೆ ಶಿಲ್ಕಿನದ್ದಾಗಿದ್ದರೆ ಕಂತು ಸುಮಾರು 4,707 ರೂಪಾಯಿಗೆ ಇಳಿದು, ಒಟ್ಟು ಬಡ್ಡಿ 13,000 ರೂಪಾಯಿಯ ಒಳಗೇ ಮುಗಿಯುತ್ತದೆ. ಸಾಲಗಾರನು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಲೇ ಇದ್ದರೂ ತೀರಿದ ಅಸಲಿಗೂ ಬಡ್ಡಿ ಕಟ್ಟುವುದರಿಂದ ಫ್ಲಾಟ್ ಲೆಕ್ಕದ ಶೇ 12 ವಾಸ್ತವದಲ್ಲಿ ಶೇ 21ನ್ನು ದಾಟಿರುತ್ತದೆ.

ಇನ್ನೊಂದು ಮರೆಮಾಚುವಿಕೆ ಶುಲ್ಕಗಳದ್ದು. ಒಂದು ಲಕ್ಷ ರೂಪಾಯಿ ಮಂಜೂರಾಗಿ, ಅರ್ಜಿ ಪರಿಶೀಲನೆಯ ಶುಲ್ಕ, ದಾಖಲೆಯ ಖರ್ಚು ಮತ್ತು ಸಾಲದೊಡನೆ ಅಂಟಿಸಿದ ವಿಮೆಯ ಕಂತು ಎಂದು 4,000 ರೂಪಾಯಿ ಮುರಿದುಕೊಂಡು 96,000 ರೂಪಾಯಿ ಮಾತ್ರ ಕೈಗೆ ಬಂದಿತೆಂದುಕೊಳ್ಳೋಣ. ಕಂತು ಒಂದು ಲಕ್ಷಕ್ಕೇ ಲೆಕ್ಕವಾಗಿರುತ್ತದೆ. ಶೇ 14ರ ಬಡ್ಡಿಯಲ್ಲಿ ಒಂದು ವರ್ಷಕ್ಕೆ ಅದು ತಿಂಗಳಿಗೆ ಸುಮಾರು 8,979 ರೂಪಾಯಿ. ಕೈಗೆ ಬಂದ ಹಣವನ್ನೂ ಕೈಯಿಂದ ಹೋಗುವ ಹಣವನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಈ ಸಾಲದ ವಾರ್ಷಿಕ ಬೆಲೆ ಶೇ 22ರ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಅವಧಿ ಚಿಕ್ಕದಾದಷ್ಟೂ ಇಂತಹ ಮುರಿತದ ಪೆಟ್ಟು ಹೆಚ್ಚು. ಬಡ್ಡಿ ಮತ್ತು ಎಲ್ಲ ಶುಲ್ಕಗಳನ್ನು ಕೂಡಿಸಿ ತೆಗೆದ ಈ ನಿಜವಾದ ದರವನ್ನು ‘ವಾರ್ಷಿಕ ಶೇಕಡಾವಾರು ದರ’ ಎಂದು ಕರೆಯುತ್ತಾರೆ. ಬ್ಯಾಂಕುಗಳವರು ಅದನ್ನು ಸಂಕ್ಷೇಪವಾಗಿ ಎಪಿಆರ್ ಎನ್ನುವುದು ರೂಢಿ. ಎರಡು ಸಾಲಗಳನ್ನು ಹೋಲಿಸಲು ಇದಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆಗೋಲು ಬೇರೊಂದಿಲ್ಲ.

ಈ ದರವನ್ನು ಸಾಲಗಾರನೇ ಲೆಕ್ಕ ಹಾಕಬೇಕಾದ ಅಗತ್ಯವೂ ಈಗ ಉಳಿದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ನೀಡುವ ಎಲ್ಲ ಹೊಸ ಅವಧಿ ಸಾಲಗಳಿಗೆ, ಸಾಲ ಕೊಡುವ ಸಂಸ್ಥೆಯು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹೇಳಿಕೆಯನ್ನು, ಅಂದರೆ ಸಾಲದ ಮುಖ್ಯ ಸಂಗತಿಗಳನ್ನೆಲ್ಲ ನಿಗದಿತ ನಮೂನೆಯಲ್ಲಿ ಬರೆದ ಪತ್ರವನ್ನು, ಸಹಿಗೆ ಮೊದಲೇ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಬಡ್ಡಿದರ, ಎಪಿಆರ್, ಪ್ರತಿಯೊಂದು ಶುಲ್ಕ, ಕಂತುಗಳ ಪಟ್ಟಿ, ತಡವಾದರೆ ಬೀಳುವ ದಂಡ, ದೂರು ಹೇಳಬೇಕಾದ ಅಧಿಕಾರಿಯ ವಿವರ ಇವೆಲ್ಲವೂ ಅದರಲ್ಲಿ ಇರಬೇಕಾಗಿದ್ದು, ಅದರಲ್ಲಿ ಕಾಣದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಆ ಪತ್ರದಲ್ಲಿನ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನಗಳವರೆಗೆ ಬದಲಾಗದೆ ನಿಲ್ಲಬೇಕೆಂಬ ನಿಯಮ ಬಹಳ ಬೆಲೆಯುಳ್ಳದ್ದು. ಪತ್ರವನ್ನು ಮನೆಗೆ ಒಯ್ದು, ಲೆಕ್ಕ ಬಲ್ಲ ಮತ್ತೊಬ್ಬರಿಗೆ ತೋರಿಸಿ, ಇನ್ನೊಂದು ಬ್ಯಾಂಕಿನ ಪತ್ರದೊಡನೆ ಹೋಲಿಸಲು ಕಾನೂನೇ ಕೊಟ್ಟಿರುವ ಬಿಡುವು ಅದು. ‘ಈ ದಿನವೇ ಸಹಿ ಹಾಕದಿದ್ದರೆ ಈ ದರ ಸಿಗದು’ ಎಂದು ಅವಸರಪಡಿಸುವವರ ಮಾತನ್ನು ಈ ನಿಯಮದ ಬೆಳಕಿನಲ್ಲಿಯೇ ತೂಗಬೇಕು.

ಸಾಲ ಎಷ್ಟರವರೆಗೆ ಮಾಡಬಹುದು ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಕಿರುಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದಂತೆ, ವರ್ಷಕ್ಕೆ ಮೂರು ಲಕ್ಷ ರೂಪಾಯಿಯವರೆಗೆ ವರಮಾನವಿರುವ ಕುಟುಂಬದ ಎಲ್ಲ ಸಾಲಗಳ ಕಂತುಗಳನ್ನು ಕೂಡಿಸಿದರೂ ಅದು ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಇದು ಸಾಲ ಕೊಡುವವರಿಗೆ ಹಾಕಿದ ಹೊರಗೆರೆ. ಬಾಳಿಕೆಗೆ ಇದು ತೀರಾ ಇಕ್ಕಟ್ಟು. ಸಂಬಳದ ಕುಟುಂಬವೊಂದು ಗೃಹಸಾಲವನ್ನೂ ಸೇರಿಸಿಕೊಂಡು ಕಂತುಗಳನ್ನು ಮೂರನೇ ಒಂದು ಭಾಗದ ಆಚೀಚೆ ನಿಲ್ಲಿಸಿಕೊಂಡರೆ ಕಾಯಿಲೆ, ಕೆಲಸ ಹೋಗುವುದು, ಮಕ್ಕಳ ಶಾಲೆಯ ಶುಲ್ಕ ಮುಂತಾದವು ಎದುರಾದಾಗ ಮತ್ತೊಂದು ಸಾಲಕ್ಕೆ ಕೈಚಾಚಬೇಕಾಗುವುದಿಲ್ಲ. ಅಡಕೆ, ಕಾಫಿ, ರೇಷ್ಮೆಗೂಡು ಮುಂತಾದ ಬೆಳೆಯ ಹಣವನ್ನೋ ಹಬ್ಬದ ಕಾಲದ ವ್ಯಾಪಾರವನ್ನೋ ನಂಬಿರುವವರು ವರ್ಷದ ವರಮಾನವನ್ನು ಹನ್ನೆರಡರಿಂದ ಭಾಗಿಸಿ ನೋಡುವುದು ತಪ್ಪು ದಾರಿ. ಅತ್ಯಂತ ಬಡವಾದ ತಿಂಗಳಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ಅವರ ಕಂತಿನ ಮಿತಿ, ಇಲ್ಲವೇ ಬೆಳೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ ತೀರಿಸುವ ಸಾಲವನ್ನೇ ಅವರು ಆರಿಸಿಕೊಳ್ಳಬೇಕು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವು ಈ ಕಾರಣದಿಂದ ರೈತನಿಗೆ ತಕ್ಕ ಸಾಲ: ಮೂರು ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಶೇ 7ರ ಬಡ್ಡಿ, ಗಡುವಿನೊಳಗೆ ತೀರಿಸಿದರೆ ಇನ್ನೂ ಶೇ 3ರ ರಿಯಾಯಿತಿ ದೊರೆಯುತ್ತದೆ, ಕರ್ನಾಟಕದ ಸಹಕಾರ ಸಂಘಗಳಲ್ಲಿ ನಿಗದಿತ ಮಿತಿಯವರೆಗೆ ಬಡ್ಡಿಯೇ ಇಲ್ಲ. ಈ ಸವಲತ್ತು ಪೂರ್ತಿಯಾಗಿ ಗಡುವಿನ ತಾರೀಖಿಗೆ ಕಟ್ಟುಬಿದ್ದಿದ್ದು, ಸುಸ್ತಿಯಾದರೆ, ಅಂದರೆ ಗಡುವು ದಾಟಿ ಬಾಕಿ ಉಳಿದರೆ, ಅದು ಕೈತಪ್ಪಿ ಹೋಗುತ್ತದೆ.

ಗೃಹಸಾಲದಲ್ಲಿ ಅವಧಿಯೇ ಎಲ್ಲಕ್ಕಿಂತ ದೊಡ್ಡ ತೀರ್ಮಾನ. ಮೂವತ್ತು ಲಕ್ಷ ರೂಪಾಯಿಯನ್ನು ಶೇ 9ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ಪಡೆದರೆ ಕಂತು ಸುಮಾರು 26,992 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 22,500 ರೂಪಾಯಿ ಬಡ್ಡಿಗೇ ಹೋಗಿ ಅಸಲಿಗೆ ಸಲ್ಲುವುದು 4,500 ರೂಪಾಯಿಗಿಂತ ಕಡಿಮೆ, ಮತ್ತು ಇಪ್ಪತ್ತು ವರ್ಷ ಮುಗಿಯುವ ಹೊತ್ತಿಗೆ ಕಟ್ಟಿದ ಬಡ್ಡಿ ಅಸಲನ್ನೂ ಮೀರಿ 34.78 ಲಕ್ಷ ರೂಪಾಯಿ ಆಗಿರುತ್ತದೆ. ಇದೇ ಸಾಲವನ್ನು ಹದಿನೈದು ವರ್ಷಕ್ಕೆ ಇಳಿಸಿದರೆ ಕಂತು ಸುಮಾರು 30,428 ರೂಪಾಯಿಗೆ ಏರುತ್ತದೆ, ಬಡ್ಡಿ 24.77 ಲಕ್ಷ ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ ಮೂರೂವರೆ ಸಾವಿರ ರೂಪಾಯಿಯಷ್ಟು ಹೆಚ್ಚು ಕಟ್ಟುವ ಶಕ್ತಿಯುಳ್ಳ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಉಳಿಯುತ್ತದೆ ಎಂದಾಯಿತು. ಬ್ಯಾಂಕುಗಳು 2019ರ ಅಕ್ಟೋಬರಿನಿಂದ ನೀಡುತ್ತಿರುವ ಬದಲಾಗುವ ಬಡ್ಡಿದರದ ಗೃಹಸಾಲಗಳು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಗೊಂಡಿವೆ. ರೆಪೊ ಎಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿಗೆ ಸಾಲ ಕೊಡುವ ದರ. ಆ ದರ ಏರಿದಾಗ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಸದ್ದಿಲ್ಲದೆ ಬೆಳೆಸುವ ರೂಢಿಯಿಂದ ಎಷ್ಟೋ ಸಾಲಗಳು ನಿವೃತ್ತಿಯ ವಯಸ್ಸನ್ನು ದಾಟಿ ಹೋದವು. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಬೆಳೆಸಬೇಕೋ, ಸ್ವಲ್ಪ ಅಸಲನ್ನು ಮುಂಗಡವಾಗಿ ಕಟ್ಟಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಬಿಡಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ್ದು ಇದೇ ಕಾರಣಕ್ಕೆ. ಮನೆಗಾಗಿ ವ್ಯಕ್ತಿಗಳು ಪಡೆದ ಬದಲಾಗುವ ದರದ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ವಿಧಿಸುವಂತಿಲ್ಲ. ಬೋನಸ್ಸಾಗಲಿ ಬೆಳೆಯ ಹಣವಾಗಲಿ ಬಂದಾಗ ಮೊದಲ ವರ್ಷಗಳಲ್ಲಿಯೇ ಅಸಲಿಗೆ ಕಟ್ಟುವುದು ಅತ್ಯಂತ ಲಾಭದಾಯಕ.

ಚಿನ್ನದ ಸಾಲಕ್ಕೆ ಒಂದು ದೊಡ್ಡ ಗುಣವಿದೆ: ಆದಾಯದ ಪತ್ರಗಳಿಲ್ಲದವರಿಗೂ ಅದು ಒಂದು ಗಂಟೆಯೊಳಗೆ ದೊರೆಯುತ್ತದೆ, ಬಡ್ಡಿಯೂ ಜಾಮೀನಿಲ್ಲದ ಸಾಲಗಳಿಗಿಂತ ಸಾಮಾನ್ಯವಾಗಿ ಕಡಿಮೆ. ದೋಷವೂ ಅಲ್ಲಿಂದಲೇ ಹುಟ್ಟುತ್ತದೆ. ತಿಂಗಳ ಕಂತಿನ ಕಾಟವಿಲ್ಲದೆ ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ತೀರಿಸುವ ಸಾಲವಾದ್ದರಿಂದ ಬಡ್ಡಿ ಬೆಳೆಯುತ್ತಿರುವುದು ಮನಸ್ಸಿಗೆ ತಟ್ಟುವುದಿಲ್ಲ. ಗಡುವು ಬಂದಾಗ ಬಡ್ಡಿಯನ್ನಷ್ಟೇ ಕಟ್ಟಿ ಮತ್ತೆ ಅಡವಿಡುತ್ತಾ ಹೋಗಿ, ಕೊನೆಗೆ ಒಡವೆಯೇ ಹರಾಜಿಗೆ ಬರುತ್ತದೆ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರೊಳಗೆ ಪಾಲನೆಗೆ ತರಬೇಕೆಂದು ಗೊತ್ತುಪಡಿಸಿದ ನಿಯಮಗಳಂತೆ, ಎರಡೂವರೆ ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರಷ್ಟು, ಐದು ಲಕ್ಷದವರೆಗೆ ಶೇ 80ರಷ್ಟು, ಅದಕ್ಕೂ ಮೇಲಾದರೆ ಶೇ 75ರಷ್ಟು ಕೊಡಬಹುದು. ಸಾಲ ತೀರಿದ ಏಳು ಕೆಲಸದ ದಿನಗಳೊಳಗೆ ಒಡವೆಯನ್ನು ಮರಳಿಸಬೇಕು, ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಶೇ 85 ಸಿಗುತ್ತದೆಂದು ಅಷ್ಟನ್ನೂ ಪಡೆಯುವುದು ಜಾಣತನವಲ್ಲ, ಏಕೆಂದರೆ ಚಿನ್ನದ ಬೆಲೆ ಸ್ವಲ್ಪ ಕುಸಿದರೂ ಹರಾಜಿನ ಗೆರೆ ಹತ್ತಿರವಾಗುತ್ತದೆ.

ಕ್ರೆಡಿಟ್ ಕಾರ್ಡು ಪೂರ್ತಿ ಬಿಲ್ಲನ್ನು ಗಡುವಿನೊಳಗೆ ತೀರಿಸುವವರಿಗೆ ಬಡ್ಡಿಯಿಲ್ಲದ ಕೈಗಡ. ‘ಕನಿಷ್ಠ ಮೊತ್ತ’ ಕಟ್ಟುವವರಿಗೆ ಅತಿ ದುಬಾರಿ ಸಾಲಗಳಲ್ಲೊಂದು. ಐವತ್ತು ಸಾವಿರ ರೂಪಾಯಿ ಬಾಕಿಗೆ ತಿಂಗಳಿಗೆ ಶೇ 3.5ರ ಬಡ್ಡಿ 1,750 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 315 ರೂಪಾಯಿ; ಕನಿಷ್ಠ ಮೊತ್ತವೆಂದು 2,500 ರೂಪಾಯಿ ಕಟ್ಟಿದರೆ ಬಾಕಿ ಇಳಿಯುವುದು ಬರೀ 435 ರೂಪಾಯಿ. ಸಾಲದುದಕ್ಕೆ, ಬಾಕಿ ಉಳಿದ ತಿಂಗಳಿನಿಂದ ಹೊಸ ಖರೀದಿಗಳಿಗೂ ಬಡ್ಡಿರಹಿತ ದಿನಗಳು ಇಲ್ಲವಾಗುತ್ತವೆ. ಇಂತಹ ಬಾಕಿಯಲ್ಲಿ ಸಿಲುಕಿದವರು ಕಾರ್ಡಿನ ಬಳಕೆ ನಿಲ್ಲಿಸಿ, ಕಡಿಮೆ ಬಡ್ಡಿಯ ವೈಯಕ್ತಿಕ ಸಾಲವನ್ನೋ ಚಿನ್ನದ ಸಾಲವನ್ನೋ ಪಡೆದು ಅದನ್ನು ಒಮ್ಮೆಲೇ ತೀರಿಸುವುದು ಸರಿಯಾದ ಮಾರ್ಗ.

ಊರಿನ ಬಾಯಲ್ಲಿದ್ದ ಪತ್ತು ಈಗ 300ರಿಂದ 900ರವರೆಗಿನ ಒಂದು ಅಂಕಿಯಾಗಿದೆ. ಸಾಲದ ಮಾಹಿತಿಯನ್ನು ಕಲೆಹಾಕುವ ನಾಲ್ಕು ಸಂಸ್ಥೆಗಳಿಗೆ, ಅಂದರೆ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್‌ಗಳಿಗೆ, ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಪ್ರತಿ ಸಾಲಗಾರನ ಕಂತಿನ ವಿವರವನ್ನು ಕಳುಹಿಸುತ್ತವೆ. 2025ರ ಜನವರಿಯಿಂದ ಈ ವಿವರ ಹದಿನೈದು ದಿನಕ್ಕೊಮ್ಮೆಯಾದರೂ ಹೋಗುತ್ತದೆ. ಕಂತು ತಪ್ಪದಿರುವುದೇ ಅಂಕದ ಮುಖ್ಯ ಆಧಾರ. ಕಾರ್ಡಿನ ಮಿತಿಯನ್ನು ಪ್ರತಿ ತಿಂಗಳೂ ಅಂಚಿನವರೆಗೆ ಬಳಸುವುದು, ಕೆಲವೇ ವಾರಗಳಲ್ಲಿ ಹಲವೆಡೆ ಅರ್ಜಿ ಹಾಕುವುದು ಅಂಕವನ್ನು ತಗ್ಗಿಸುತ್ತವೆ. ತನ್ನ ವರದಿಯನ್ನು ತಾನೇ ತರಿಸಿ ನೋಡಿದರೆ ಅಂಕ ಇಳಿಯುತ್ತದೆಂಬುದು ತಪ್ಪು ಕಲ್ಪನೆ. ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದ್ದು, ಅದನ್ನು ತರಿಸಿಕೊಂಡು ತಾನು ಪಡೆಯದ ಸಾಲವೇನಾದರೂ ತನ್ನ ಹೆಸರಿನಲ್ಲಿದೆಯೇ, ತೀರಿದ ಸಾಲ ಬಾಕಿಯೆಂದು ಉಳಿದಿದೆಯೇ ಎಂದು ಪರೀಕ್ಷಿಸಬೇಕು. ತಪ್ಪಿದ್ದರೆ ಸಲ್ಲಿಸಿದ ದೂರು ಮೂವತ್ತು ದಿನಗಳಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ಅನಂತರದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರಕ್ಕೆ ದೂರುದಾರ ಅರ್ಹ.

ಪರರ ಸಾಲಕ್ಕೆ ಹಾಕುವ ಜಾಮೀನು ಸಹಿಯ ಬಗ್ಗೆ ಹೇಳಬೇಕಾದದ್ದು ಹೆಚ್ಚಿದೆ, ಏಕೆಂದರೆ ನೆಂಟಸ್ತಿಕೆ, ಸ್ನೇಹ, ಒಂದೇ ಕಚೇರಿಯ ಒಡನಾಟಗಳ ಮುಲಾಜಿಗೆ ಅದು ನಡೆದುಹೋಗುತ್ತದೆ. ಸಾಲಗಾರನಿಂದ ವಸೂಲಾಗದೆ ಹೋದ ಮೇಲಷ್ಟೇ ಜಾಮೀನುದಾರನ ಬಾಗಿಲಿಗೆ ಬರುತ್ತಾರೆಂದು ಬಹುಮಂದಿ ನಂಬಿದ್ದಾರೆ. 1872ರ ಭಾರತೀಯ ಕರಾರು ಅಧಿನಿಯಮದ 128ನೇ ಕಲಮು ಹಾಗೆ ಹೇಳುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು, ಆದ್ದರಿಂದ ಬ್ಯಾಂಕಾಗಲಿ ಸಹಕಾರ ಸಂಘವಾಗಲಿ ನೇರವಾಗಿ ಜಾಮೀನುದಾರನನ್ನೇ ಹಿಡಿಯಬಹುದು. ಆ ಸಾಲ ಅವನ ಪತ್ತಿನ ವರದಿಯಲ್ಲಿಯೂ ಕಾಣಿಸಿಕೊಂಡು, ಮುಂದೆ ಅವನ ಸ್ವಂತ ಗೃಹಸಾಲಕ್ಕೆ ಅಡ್ಡಿಯಾಗಬಹುದು. ತಾನೇ ಆ ಪೂರ್ತಿ ಮೊತ್ತವನ್ನು ಕಟ್ಟಬೇಕಾಗಿ ಬಂದರೂ ಮನೆ ನಡೆಯುತ್ತದೆ ಎನ್ನುವವನು ಮಾತ್ರ ಜಾಮೀನು ನಿಲ್ಲಬಹುದು. ಉಳಿದವರು ಮುಲಾಜಿಲ್ಲದೆ ಒಲ್ಲೆನೆನ್ನುವುದೇ ಇಬ್ಬರ ಸ್ನೇಹಕ್ಕೂ ಕ್ಷೇಮ.

ಬ್ಯಾಂಕಿನ ಹೊರಗಿನ ಸಾಲಗಳಲ್ಲಿ ಸ್ವಸಹಾಯ ಸಂಘದ ಸಾಲ ಎಲ್ಲಕ್ಕಿಂತ ಸುರಕ್ಷಿತವಾದದ್ದು, ಏಕೆಂದರೆ ಅಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಚೀಟಿಯೂ ಉಳಿತಾಯ ಮತ್ತು ಸಾಲ ಎರಡೂ ಬೆರೆತ ವ್ಯವಸ್ಥೆ. 1982ರ ಚಿಟ್ ಫಂಡ್ ಅಧಿನಿಯಮದಡಿ ನೋಂದಣಿಯಾದ ಚೀಟಿಯನ್ನೇ, ಉದಾಹರಣೆಗೆ ಸರ್ಕಾರದ ಎಂಎಸ್‌ಐಎಲ್ ನಡೆಸುವಂಥದ್ದನ್ನು, ಆರಿಸಬೇಕು, ಮತ್ತು ಬೇಗನೆ ಕೂಗಿ ಎತ್ತುವವರು ಬಿಟ್ಟುಕೊಡುವ ಮೊತ್ತವೇ ಅವರು ತೆರುವ ಬಡ್ಡಿ ಎಂಬುದನ್ನು ಮರೆಯಬಾರದು. ದಿನಕ್ಕೂ ವಾರಕ್ಕೂ ಏರುವ ಮೀಟರ್ ಬಡ್ಡಿಯನ್ನು ತಡೆಯಲು 1961ರ ಲೇವಾದೇವಿಗಾರರ ಅಧಿನಿಯಮ ಮತ್ತು 2004ರ ಅತಿಬಡ್ಡಿ ನಿಷೇಧ ಅಧಿನಿಯಮ ರಾಜ್ಯದಲ್ಲಿವೆ. ಕಿರುಸಾಲದ ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳ ಹಿನ್ನೆಲೆಯಲ್ಲಿ 2025ರಲ್ಲಿ ಬಂದ ಕಾನೂನು ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗಿನ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿಯವರೆಗಿನ ದಂಡವನ್ನು ವಿಧಿಸುತ್ತದೆ. ಸಾಲ ಕೊಡುವವರಿಗೆ ಸಹಿ ಮಾಡಿದ ಖಾಲಿ ಚೆಕ್ಕನ್ನಾಗಲಿ ಖಾಲಿ ಛಾಪಾ ಕಾಗದವನ್ನಾಗಲಿ ಯಾವ ಕಾರಣಕ್ಕೂ ಕೊಡಬಾರದು. ಅದರಲ್ಲಿ ಮುಂದೆ ಯಾವ ಮೊತ್ತವನ್ನಾದರೂ ತುಂಬಿ ಚೆಕ್ ಅಮಾನ್ಯದ ಮೊಕದ್ದಮೆ ಹೂಡಲು ಅವಕಾಶವಾಗುತ್ತದೆ. ಮೊಬೈಲ್ ಆ್ಯಪ್‌ನ ಸಾಲವಾದರೆ ಅದರ ಹಿಂದೆ ಯಾವ ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆ ಇದೆಯೆಂದು ಮೊದಲು ತಿಳಿಯಬೇಕು. ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಚಿತ್ರಗಳನ್ನೂ ನೋಡಲು ಅನುಮತಿ ಕೇಳುವ ಆ್ಯಪ್ ರಿಸರ್ವ್ ಬ್ಯಾಂಕಿನ ನಿಯಮವನ್ನು ಮುರಿಯುತ್ತಿದೆ ಎಂದೇ ಅರ್ಥ.

ಕಂತು ಕಟ್ಟಲಾಗದ ಸ್ಥಿತಿ ಬಂದಾಗ ಫೋನ್ ಎತ್ತದೆ ಅಡಗುವುದು ಸಹಜವಾದರೂ ಅದರಿಂದ ಹಾನಿಯೇ ಹೆಚ್ಚು. ಮೂರು ತಿಂಗಳು, ಅಂದರೆ ತೊಂಬತ್ತು ದಿನ, ಬಾಕಿ ಉಳಿದ ಸಾಲವನ್ನು ಬ್ಯಾಂಕು ಅನುತ್ಪಾದಕವೆಂದು ವರ್ಗೀಕರಿಸುತ್ತದೆ. ಮನೆಯನ್ನು ಒತ್ತೆಯಿಟ್ಟಿದ್ದರೆ 2002ರ ಸರ್ಫೇಸಿ ಅಧಿನಿಯಮದಡಿ ಅರುವತ್ತು ದಿನಗಳ ನೋಟಿಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಸ್ವಾಧೀನಕ್ಕೆ ಮುಂದಾಗಬಹುದು. ಆ ತೊಂಬತ್ತು ದಿನಗಳು ತುಂಬುವ ಮೊದಲೇ ಶಾಖೆಗೆ ಹೋಗಿ, ವರಮಾನ ಕುಸಿದದ್ದಕ್ಕೆ ದಾಖಲೆ ತೋರಿಸಿ, ಅವಧಿ ವಿಸ್ತರಣೆಯನ್ನು ಬರವಣಿಗೆಯಲ್ಲಿ ಕೇಳಬೇಕು. ಹಲವು ಸಾಲಗಳಿದ್ದರೆ ಎಲ್ಲದರ ಕನಿಷ್ಠ ಕಂತನ್ನು ಉಳಿಸಿಕೊಂಡು, ಮಿಕ್ಕ ಹಣವನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯುವುದು ಲೆಕ್ಕದ ದೃಷ್ಟಿಯಿಂದ ಉತ್ತಮ. ಒಂದಿಷ್ಟು ಬಿಟ್ಟುಕೊಟ್ಟು ಸಾಲ ಮುಗಿಸುವ ‘ಸೆಟ್ಲ್‌ಮೆಂಟ್’ ಕೊನೆಯ ಉಪಾಯವಾಗಿರಬೇಕು, ಏಕೆಂದರೆ ವರದಿಯಲ್ಲಿ ಅದು ‘ಪೂರ್ತಿ ತೀರಿದೆ’ ಎಂದು ಬರದೆ ‘ರಾಜಿಯಾಗಿದೆ’ ಎಂದು ಬಂದು, ವರ್ಷಗಳ ಕಾಲ ಪತ್ತನ್ನು ಕೆಡಿಸುತ್ತದೆ. ವಸೂಲಿಗಾರರು ಬೆಳಗಿನ ಎಂಟಕ್ಕೆ ಮೊದಲು, ಸಂಜೆ ಏಳರ ಅನಂತರ ಕರೆ ಮಾಡುವಂತಿಲ್ಲ. ಕಿರುಸಾಲಕ್ಕೆ ಕರೆ ಮಾಡಬಹುದಾದ ಹೊತ್ತು ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ. ಸಂಸ್ಥೆಗೆ ಕೊಟ್ಟ ದೂರಿಗೆ ಮೂವತ್ತು ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ಅಹವಾಲು ಕೇಳುವ ಅಧಿಕಾರಿಗೆ, ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ಅದರ ವಿಧಾನ ತಿಳಿಯುತ್ತದೆ.

ಕೊನೆಯ ಕಂತು ಕಟ್ಟಿದ ದಿನಕ್ಕೆ ಸಾಲದ ಕೆಲಸ ಮುಗಿಯುವುದಿಲ್ಲ. ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಪಡೆಯಬೇಕು. ಆಸ್ತಿಯ ಮೂಲ ದಾಖಲೆಗಳನ್ನು ಮೂವತ್ತು ದಿನಗಳೊಳಗೆ ಮರಳಿ ಪಡೆಯಬೇಕು, ಸಂಸ್ಥೆಯ ಕಾರಣದಿಂದ ಅದು ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರದ ಹಕ್ಕು 2023ರ ಡಿಸೆಂಬರಿನಿಂದ ಇದೆ. ವಾಹನವಾದರೆ ನೋಂದಣಿ ಪತ್ರದಿಂದ ಬ್ಯಾಂಕಿನ ಹೆಸರು ತೆಗೆಸಬೇಕು, ಜಮೀನಾದರೆ ಪಹಣಿಯಲ್ಲಿ ನಮೂದಾದ ಋಣವನ್ನೂ ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಕಾಣುವ ಆಧಾರವನ್ನೂ ಬಿಡುಗಡೆ ಮಾಡಿಸಬೇಕು. ಭದ್ರತೆಗೆಂದು ಕೊಟ್ಟಿದ್ದ ಚೆಕ್ಕುಗಳನ್ನು ಎಣಿಸಿ ಹಿಂದಕ್ಕೆ ಪಡೆದು, ಒಂದೆರಡು ತಿಂಗಳು ಬಿಟ್ಟು ಪತ್ತಿನ ವರದಿಯನ್ನು ಇನ್ನೊಮ್ಮೆ ತರಿಸಿ ಆ ಸಾಲದ ಮುಂದೆ ‘ಮುಕ್ತಾಯ’ ಎಂಬ ನಮೂದು ಇದೆಯೇ ಎಂದು ನೋಡಿಕೊಳ್ಳಬೇಕು.